ಮಂಡಿ ನೋವಿನ ಅಮ್ಮ, ಬೆಟ್ಟದ ಹುಚ್ಚಿನ ಭಾವಮೈದ: ಎರಡೂವರೆ ದಿನಕ್ಕೆ ಯಾವ ಊರು?

ಕತ್ರಿಗುಪ್ಪೆ ಗೃಹಸ್ಥ
ಎಲ್ಲರಿಗೂ ನಮಸ್ಕಾರ. ಬೆಂಗಳೂರು ಬಿಟ್ಟು ಎರಡೂವರೆ ದಿನ ಬೆಟ್ಟದ ಪಕ್ಕದ ಯಾವುದಾದರೂ ಊರಿಗೆ ಹೋಗಬೇಕು ಅಂತ ಮನೆಯಲ್ಲಿ ತೀರ್ಮಾನವಾಗಿದೆ. ಅಷ್ಟೇ ಆಗಿರುವುದು. ಯಾವ ಊರು ಅಂತ ಕೇಳಿದರೆ ಏಳು ಜನಕ್ಕೆ ಏಳು ಉತ್ತರ.

ನಮ್ಮ ತಂಡ ಹೀಗಿದೆ. ಅಮ್ಮನಿಗೆ 72, ಎರಡೂ ಮಂಡಿ ನೋವು. ಹತ್ತು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾರೆ. ಆದರೆ ದೇವಸ್ಥಾನ ಅಂದರೆ ಹೇಗೋ ಹತ್ತಿಬಿಡುತ್ತಾರೆ, ರಾತ್ರಿಯೆಲ್ಲ ನರಳುತ್ತಾರೆ. ನನ್ನ ಹೆಂಡತಿಗೆ ಬೇಕಿರುವುದು ಒಂದೇ, ಮೂರು ದಿನ ಗ್ಯಾಸ್ ಒಲೆ ಕಣ್ಣಿಗೆ ಬೀಳಬಾರದು. ಮಗಳು ಒಂಬತ್ತನೇ ಕ್ಲಾಸು. ಘಾಟಿ ರಸ್ತೆ ಬಂದರೆ ವಾಂತಿ, ಸಿಗ್ನಲ್ ಹೋದರೆ ಅದಕ್ಕಿಂತ ದೊಡ್ಡ ಸಂಕಟ. ಭಾವಮೈದ ಬೆಟ್ಟ ಕಂಡರೆ ತುದಿ ಮುಟ್ಟದೆ ಬರುವವನಲ್ಲ. ಜೊತೆಗೆ ಅವನ ಹೆಂಡತಿ, ಮೂರು ವರ್ಷದ ಮಗು. ಏಳನೆಯವನು ನಾನು. ಡ್ರೈವರ್ ಕಮ್ ಕ್ಯಾಷಿಯರ್.

ಜನವರಿ 26 ಸೋಮವಾರ ಬಂದಿದೆ. ಶನಿವಾರ ಹೊರಟು ಸೋಮವಾರ ವಾಪಸ್. ಎಲ್ಲರೂ ಒಟ್ಟಿಗೆ ಎಲ್ಲಾ ಜಾಗ ನೋಡುವ ಹಾಗೆ ಒಂದು ಪ್ಲಾನ್ ಹೇಳಿ, ಪುಣ್ಯ ಬರುತ್ತೆ.

ಒಂಟಿ ಸಲಗ
ಊಟಿ. ಇದರಲ್ಲಿ ಕೇಳೋದೇನಿದೆ? ಮಗುವಿಗೆ ಪುಟಾಣಿ ರೈಲು, ಅಮ್ಮನಿಗೆ ಹೂದೋಟ, ಭಾವಮೈದನಿಗೆ ದೊಡ್ಡಬೆಟ್ಟ. 2,637 ಮೀಟರ್ ಸ್ವಾಮಿ. ನಮ್ಮ ಕಡೆ ಅಷ್ಟು ಎತ್ತರ ಎಲ್ಲಿದೆ?

ಬಿಸಿಬೇಳೆ
ದೊಡ್ಡಬೆಟ್ಟದ ತುದಿಯವರೆಗೂ ಡಾಂಬರು ರಸ್ತೆ ಇದೆ. ಬೆಟ್ಟದ ಹುಚ್ಚಿನವನಿಗೆ ಅದು ಅವಮಾನ.

ಊಟಿ ಬೇಡ ಅನ್ನುತ್ತಿಲ್ಲ. ಆದರೆ ಎರಡೂವರೆ ದಿನಕ್ಕೆ ಬೇಡ. ಬೆಂಗಳೂರಿಂದ 270 ಕಿ.ಮೀ. ಮೇಲಾಗುತ್ತದೆ, ಕೊನೆಯದೆಲ್ಲ ಘಾಟಿ. ನಿಮ್ಮ ಮಗಳ ಗತಿ ಯೋಚಿಸಿ. 2024ರ ಮೇ ತಿಂಗಳಿಂದ ಹೊರಗಿನ ಗಾಡಿಗಳಿಗೆ ಇ-ಪಾಸ್ ಕಡ್ಡಾಯ. ಮನೆಯಲ್ಲೇ ಮಾಡಿಸಿಕೊಂಡು ಹೊರಡಬೇಕು. ನೀಲಗಿರಿ ಜಿಲ್ಲೆಯೊಳಗೆ ಪ್ಲಾಸ್ಟಿಕ್ ನೀರಿನ ಬಾಟಲಿ ತಗೊಂಡು ಹೋಗುವ ಹಾಗಿಲ್ಲ. ಇನ್ನು ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ. ಅದು 2009ರಿಂದ ಇರುವ ನಿಯಮ, ಆದರೂ ಪ್ರತಿ ಸಲ ಯಾರೋ ಒಬ್ಬರು ಮರೆಯುತ್ತಾರೆ.

ಹೋದ ವರ್ಷ ಆ ಯಾರೋ ಒಬ್ಬರು ನಾವೇ. ಆಫೀಸ್ ಮುಗಿಸಿ ಹೊರಟು, ರಾಮನಗರದಲ್ಲಿ ಇಡ್ಲಿ, ಮಂಡ್ಯದಲ್ಲಿ ಟೀ ಅಂತ ಸಾವಕಾಶ ಮಾಡಿ, ಗೇಟಿಗೆ ಹೋದಾಗ 9 ಗಂಟೆ 10 ನಿಮಿಷ. ವಾಪಸ್ ಗುಂಡ್ಲುಪೇಟೆಗೆ ಬಂದು ಸಿಕ್ಕಿದ ರೂಮಿನಲ್ಲಿ ಐದು ಜನ ಅಡ್ಡಡ್ಡ ಮಲಗಿದೆವು. ಯಜಮಾನರು ಈಗಲೂ ಆ ಟೀ ನಾನೇ ಕೇಳಿದ್ದು ಅಂತಾರೆ. ಕೇಳಿದ್ದು ಅವರ ಅಕ್ಕ.

ಅಗ್ರಹಾರದವಳು
ಮೈಸೂರಿಗೆ ಬನ್ನಿ ಸಾರ್. ಘಾಟಿಯೇ ಇಲ್ಲ. ರೈಲು ಬೇಕಾದಷ್ಟಿದೆ. ಚಾಮುಂಡಿ ಬೆಟ್ಟಕ್ಕೆ ಅಮ್ಮ ಕಾರಲ್ಲಿ, ಭಾವಮೈದ ಸಾವಿರ ಮೆಟ್ಟಿಲು ಹತ್ತಿಕೊಂಡು. ಭಾನುವಾರ ಸಂಜೆ ಅರಮನೆ ದೀಪ. ಮೃಗಾಲಯಕ್ಕೆ ಮಂಗಳವಾರ ರಜಾ, ಅದೊಂದು ನೆನಪಿಟ್ಟುಕೊಳ್ಳಿ.

ಇನ್ನೂ ಬೆಟ್ಟ ಬೇಕು ಅಂದರೆ ಒಂದು ದಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ. ನಿಮ್ಮ ಗಾಡಿ ಕೆಳಗೇ ನಿಲ್ಲಿಸಬೇಕು, ಮೇಲಕ್ಕೆ ಸರ್ಕಾರಿ ಬಸ್ ಕರೆದುಕೊಂಡು ಹೋಗುತ್ತದೆ. ವಯಸ್ಸಾದವರಿಗೆ ಇದಕ್ಕಿಂತ ಸುಖ ಇಲ್ಲ. ನಮ್ಮ ಅಜ್ಜಿ ಬಸ್ಸಿನ ಕಿಟಕಿಯಲ್ಲೇ ಆನೆ ನೋಡಿದರು. ನಾನು ಮೂರು ಸಲ ಹೋಗಿದ್ದೇನೆ, ಬಾಲವೂ ಕಂಡಿಲ್ಲ.

ಕತ್ರಿಗುಪ್ಪೆ ಗೃಹಸ್ಥ
ಮೈಸೂರು ಅಮ್ಮನಿಗೆ ಇಷ್ಟ ಆಯ್ತು. ಭಾವಮೈದನಿಗೆ ಓದಿ ಹೇಳಿದೆ. "ಭಾವ, ಸಾವಿರ ಮೆಟ್ಟಿಲು ನಮ್ಮ ಅಪಾರ್ಟ್‌ಮೆಂಟಲ್ಲೇ ಹತ್ತುತ್ತೇನೆ, ಪೆಟ್ರೋಲ್ ಉಳಿಯುತ್ತೆ" ಅಂದ. ಮಗಳು ಸ್ಕೂಲ್ ಟ್ರಿಪ್‌ನಲ್ಲಿ ಎರಡು ಸಲ ಹೋಗಿದ್ದಾಳಂತೆ. ಮುಂದಿನ ಸಲಹೆ?

ಮೂಡಿಗೆರೆ ಮಳೆ
ನಾನು ಚಿಕ್ಕಮಗಳೂರು ಜಿಲ್ಲೆಯವಳು, ಈಗ ವಿಜಯನಗರದಲ್ಲಿ ಬಾಡಿಗೆ ಮನೆ. ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ.

ನೀವು ಕೇಳಿರುವ ಪ್ರಶ್ನೆಯಲ್ಲೇ ಒಂದು ತಪ್ಪಿದೆ. "ಎಲ್ಲರೂ ಒಟ್ಟಿಗೆ ಎಲ್ಲಾ ಜಾಗ" ಅನ್ನುವುದು ಆಗದ ಮಾತು. ಹಾಗೆ ಹೋದರೆ ಅಮ್ಮ ಬೆಟ್ಟದ ಬುಡದಲ್ಲಿ ಕಾರಿನೊಳಗೆ ಕೂತಿರುತ್ತಾರೆ, ಭಾವಮೈದ ದೇವಸ್ಥಾನದ ಹೊರಗೆ ಚಪ್ಪಲಿ ಕಾಯುತ್ತಿರುತ್ತಾನೆ. ಬೇಕಿರುವುದು ಒಂದು ಊರು. ಸಣ್ಣದಾದರೂ ಊರು ಅನ್ನಿಸುವಂಥದ್ದು. ಆಟೋ, ಔಷಧಿ ಅಂಗಡಿ, ಡಾಕ್ಟರು, ಒಳ್ಳೆ ದೋಸೆ ಇರಬೇಕು. ಅಲ್ಲಿ ರೂಮು ಮಾಡಿ. ಬೆಳಿಗ್ಗೆ ಅವರವರ ದಾರಿ ಅವರವರು ಹಿಡಿಯಲಿ. ಮಧ್ಯಾಹ್ನ ಊಟಕ್ಕೋ ಸಂಜೆ ಕಾಫಿಗೋ ಸೇರಿ.

ಈ ಲೆಕ್ಕಕ್ಕೆ ಚಿಕ್ಕಮಗಳೂರು ಚೆನ್ನಾಗಿ ಕೂಡುತ್ತದೆ. ಪೇಟೆಯಿಂದ ಮುಳ್ಳಯ್ಯನಗಿರಿ ಸುಮಾರು 20 ಕಿ.ಮೀ. 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ಕಾರು ನಿಲ್ಲಿಸಿದ ಮೇಲೂ ನೂರಾರು ಮೆಟ್ಟಿಲಿವೆ, ಅಮ್ಮನನ್ನು ಅಲ್ಲಿಗೆ ಹತ್ತಿಸಬೇಡಿ. ದಾರಿಯಲ್ಲೇ ಸೀತಾಳಯ್ಯನಗಿರಿ ಸಿಗುತ್ತದೆ. ದೇವಸ್ಥಾನದ ಹತ್ತಿರದವರೆಗೆ ಗಾಡಿ ಹೋಗುತ್ತದೆ, ಅಲ್ಲಿ ಕೂತರೂ ಬೆಟ್ಟದ ಸಾಲು ಕಾಣುತ್ತದೆ. ಅಮ್ಮನ ಗಿರಿ ಅದು.

ಬೆಟ್ಟವೇ ಬೇಡ ಅನ್ನುವವರಿಗೆ ಊರಿಂದ ಹತ್ತು ಕಿ.ಮೀ. ಆಸುಪಾಸಿನಲ್ಲಿ ಹಿರೇಕೊಳಲೆ ಕೆರೆ. ಸಂಜೆ ಹೋಗಿ, ನೀರಲ್ಲಿ ಬೆಟ್ಟದ ನೆರಳು ಬಿದ್ದಿರುತ್ತದೆ. ಪೇಟೆಯೊಳಗೇ ರತ್ನಗಿರಿ ಬೋರೆಯ ಪಾರ್ಕ್ ಇದೆ, ಮಗುವಿಗೆ ಅಷ್ಟು ಸಾಕು. ಕಾಫಿ ಮಂಡಳಿಯವರ ಮ್ಯೂಸಿಯಂ ಕೂಡ ಇದೆ, ಗಂಟೆಯೊಳಗೆ ಮುಗಿಯುತ್ತದೆ. ಬಾಬಾಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಈ ಗಿರಿಯಲ್ಲಿ ನೆಟ್ಟರು ಅನ್ನುವ ಕತೆ ನಿಮ್ಮ ಮಗಳಿಗೆ ಗೊತ್ತಿರಬಹುದು. ಕಾಫಿ ಗಿಡ ಕಂಡಿರಲಿಕ್ಕಿಲ್ಲ. ನೀವು ಹೋಗುವ ಕಾಲದಲ್ಲಿ ಕುಯ್ಲು ನಡೆಯುತ್ತಿರುತ್ತದೆ, ಕಣದ ತುಂಬಾ ಹಣ್ಣು ಹರಡಿರುತ್ತಾರೆ. ಆ ಹುಳಿ ಹುಳಿ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ. ನನಗೆ ಅದು ತವರಿನ ವಾಸನೆ.

ದಯವಿಟ್ಟು 26ರ ರಜಕ್ಕೆ ಮಾತ್ರ ಬರಬೇಡಿ. ಕೈಮರ ಚೆಕ್‌ಪೋಸ್ಟಿನಿಂದ ಗಿರಿವರೆಗೆ ಕಾರಿಗೆ ಕಾರು ತಾಗಿಕೊಂಡು ನಿಂತಿರುತ್ತದೆ.

ಲಾರಿ ಹಾರ್ನ್
ಅಕ್ಕ ಹೇಳಿದ್ದು ಸರಿ. ರಜಾ ಹಾಕಿ ವಾರದ ಮಧ್ಯೆ ಹೋಗಿ. ಉದ್ದ ರಜೆಯ ಹಿಂದಿನ ಸಂಜೆ ಗೊರಗುಂಟೆಪಾಳ್ಯದಿಂದ ನೆಲಮಂಗಲ ದಾಟುವುದರಲ್ಲೇ ನಿಮ್ಮ ಅರ್ಧ ದಿನ ಹೋಗುತ್ತದೆ.

ದಾರಿ: ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಚಿಕ್ಕಮಗಳೂರು. ಹತ್ತಿರ ಹತ್ತಿರ 250 ಕಿ.ಮೀ. ಹಾಸನದವರೆಗೆ ಹೈವೇ, ಆಮೇಲೂ ಘಾಟಿ ಇಲ್ಲ. ಬೆಳಿಗ್ಗೆ 5ಕ್ಕೆ ಬಿಟ್ಟರೆ ತಿಂಡಿಗೆ ಹಾಸನದ ಆಸುಪಾಸು. ಮಗಳನ್ನು ಮುಂದಿನ ಸೀಟಲ್ಲಿ ಕೂರಿಸಿ, ಮೊಬೈಲ್ ಇಸ್ಕೊಳ್ಳಿ. ವಾಂತಿ ಅರ್ಧ ಮೊಬೈಲಿಂದ ಬರೋದು.

ಏಳು ಜನಕ್ಕೆ ಒಂದೇ ಕಾರು ಮಾಡಬೇಡಿ. ಮೂರನೇ ಸಾಲಲ್ಲಿ ಮಂಡಿ ಮಡಚಿ ಕೂತರೆ ಅಮ್ಮ ಹಾಸನದಲ್ಲಿ ಇಳಿಯುವುದೇ ಇಲ್ಲ. ಟಿಟಿ (ಟೆಂಪೊ ಟ್ರಾವೆಲರ್) ಮಾಡಿದರೆ ಆರಾಮ, ಆದರೆ ಗಿರಿಯ ರಸ್ತೆ ಕಿರಿದು, ಎದುರಿಗೆ ಗಾಡಿ ಬಂದರೆ ರಿವರ್ಸ್ ಹೊಡೆಯುವುದೇ ಕೆಲಸ. ಗಿರಿಗೆ ಪೇಟೆಯಲ್ಲೇ ಜೀಪ್ ಹಿಡಿಯಿರಿ.

ಯಶವಂತಪುರ ಲೋಕಲ್
ಎಲ್ಲರೂ ಕಾರು ಕಾರು ಅಂತೀರಲ್ಲ, ರೈಲು ಯಾರಿಗೂ ನೆನಪಾಗಲ್ವಾ? ಹುಬ್ಬಳ್ಳಿ, ಶಿವಮೊಗ್ಗ ಕಡೆಯ ರೈಲು ಹಿಡಿದು ಕಡೂರಲ್ಲಿ ಇಳಿಯಿರಿ. ಅಲ್ಲಿಂದ ಚಿಕ್ಕಮಗಳೂರು 40 ಕಿ.ಮೀ., ಬಸ್ಸು ಬರುತ್ತಲೇ ಇರುತ್ತವೆ. ಚಿಕ್ಕಮಗಳೂರಿಗೇ 2013ರಲ್ಲಿ ರೈಲು ಬಂದಿದೆ, ಆದರೆ ಗಾಡಿಗಳು ಕಡಿಮೆ, ಸಮಯ ಹೊಂದುವುದು ಕಷ್ಟ. ಅಮ್ಮನಿಗೆ ರೈಲೇ ವಾಸಿ. ಕಾಲು ಚಾಚಬಹುದು, ಟಾಯ್ಲೆಟ್ ಇರುತ್ತದೆ.

ಕತ್ರಿಗುಪ್ಪೆ ಗೃಹಸ್ಥ
ರೈಲು ಅಮ್ಮನಿಗೂ ಇಷ್ಟ. ಆದರೆ ಮೂರು ವರ್ಷದ ಮಗುವಿನ ಸಾಮಾನು ನೀವು ನೋಡಿಲ್ಲ. ಅದಕ್ಕೇ ಒಂದು ಬೋಗಿ ಬೇಕು. ಎರಡು ಕಾರು ಅಂತ ಮಾಡಿಕೊಂಡಿದ್ದೇವೆ.

ಕುಶಾಲನಗರ ಕ್ರಾಸ್
ಮಡಿಕೇರಿ ಯಾರೂ ಹೇಳಲೇ ಇಲ್ಲವಲ್ಲ! ರಾಜಾಸೀಟಿನಲ್ಲಿ ಸಂಜೆ, ಓಂಕಾರೇಶ್ವರ, ಕೋಟೆ, ಎಲ್ಲಾ ಊರೊಳಗೇ. ಟ್ರೆಕ್ಕಿಂಗ್‌ಗೆ ತಡಿಯಂಡಮೋಳ್, 1,748 ಮೀಟರ್. ಊಟದ ಮಟ್ಟಿಗೆ ಚಿಕ್ಕಮಗಳೂರಿಗಿಂತ ನಾವೇ ಮೇಲು. ಕಡಂಬುಟ್ಟು, ನೂಲ್‌ಪುಟ್ಟು ತಿಂದಿದ್ದೀರಾ?

ಮೂಡಿಗೆರೆ ಮಳೆ
ಊಟದ ವಿಷಯಕ್ಕೆ ಜಗಳ ಬೇಡ, ಸೋತೆ. ಆದರೆ ಮಡಿಕೇರಿ ಪೇಟೆಯೇ ಏರು ಇಳಿಜಾರು. ಮಂಡಿ ನೋವಿನವರು ರೂಮಿಂದ ಅಂಗಡಿಗೆ ನಡೆಯುವುದೂ ಕಷ್ಟ. ತಡಿಯಂಡಮೋಳ್‌ಗೆ ಹೋದವನು ವಾಪಸ್ ಬರುವಷ್ಟರಲ್ಲಿ ಆ ದಿನವೇ ಮುಗಿದಿರುತ್ತದೆ.

ಶೂ ಲೇಸ್
ಭಾವಮೈದನ ಪರವಾಗಿ ನಾನು. ಮುಳ್ಳಯ್ಯನಗಿರಿಗೆ ಕಾರಲ್ಲಿ ಹೋದರೆ ಲೆಕ್ಕಕ್ಕಿಲ್ಲ. ಸರ್ಪದಾರಿ ಅಂತ ಒಂದು ಕಾಲುದಾರಿ ಇದೆ. ಹುಲ್ಲುಗಾವಲಿನ ನಡುವೆ ಹಾವಿನ ಹಾಗೆ ಸುತ್ತಿಕೊಂಡು ಹೋಗುತ್ತದೆ. ಆರಾಮಾಗಿ ಹತ್ತಿದರೆ ಒಂದೂವರೆ ಎರಡು ಗಂಟೆ. ಬೆಳಿಗ್ಗೆ ಬೇಗ ಶುರು ಮಾಡಿ, ನೆರಳಿಗೆ ಒಂದು ಮರವೂ ಇಲ್ಲ. ತುದಿಯಲ್ಲಿ ಮುಳ್ಳಪ್ಪಸ್ವಾಮಿಯ ಗದ್ದುಗೆ.

ಕುದುರೆಮುಖ ಬೇಕು ಅಂತ ಹಟ ಮಾಡಿದರೆ ಬೇರೆ ಸಲ ಅನ್ನಿ. ಅದಕ್ಕೆ ಅರಣ್ಯ ಇಲಾಖೆಯ ವೆಬ್‌ಸೈಟಲ್ಲಿ ಮೊದಲೇ ಬುಕ್ ಮಾಡಬೇಕು, ದಿನಕ್ಕೆ ಇಂತಿಷ್ಟೇ ಜನ. ಬೆಳಿಗ್ಗೆಯಿಂದ ಸಂಜೆ ಪೂರ್ತಿ ಅದಕ್ಕೇ ಬೇಕು. ಕುಟುಂಬದ ಟ್ರಿಪ್‌ಗೆ ತುರುಕುವಂಥದ್ದಲ್ಲ.

ಇನ್ನೊಂದು. ಆ ಹೊತ್ತಿಗೆ ಹುಲ್ಲೆಲ್ಲ ಒಣಗಿರುತ್ತದೆ. ಬೀಡಿ ಸಿಗರೇಟು ಸೇದುವವರಿದ್ದರೆ ಕೆಳಗೇ ಮುಗಿಸಿಕೊಂಡು ಹೋಗಲಿ. ಒಂದು ಕಿಡಿಗೆ ಇಡೀ ಗುಡ್ಡ ಹೋಗುತ್ತದೆ.

ನಾಲ್ಕನೇ ಬ್ಲಾಕ್
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಒಬ್ಬಳೇ ಹೋಗಬೇಕು ಅಂತಿದ್ದೇನೆ. ಕಾರು ಓಡಿಸಲು ಬರಲ್ಲ. ಒಬ್ಬ ಹೆಂಗಸಿಗೆ ಚಿಕ್ಕಮಗಳೂರು ಹೇಗೆ?

ಮೂಡಿಗೆರೆ ಮಳೆ
ಧಾರಾಳವಾಗಿ ಹೋಗಿ. ಮೆಜೆಸ್ಟಿಕ್‌ನಿಂದ ಬಸ್ಸು ಹಗಲು ರಾತ್ರಿ ಇವೆ. ಕೆಂಪು ಬಸ್ಸಲ್ಲಿ ಹೋದರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡೇ ಇಲ್ಲ, ಆಧಾರ್ ತೋರಿಸಿದರೆ ಸಾಕು. ರಾಜಹಂಸ, ಐರಾವತಕ್ಕೆ ದುಡ್ಡು ಕೊಡಬೇಕು. ನನ್ನ ಸಲಹೆ, ಹಗಲು ಬಸ್ಸಿನಲ್ಲಿ ಹೋಗಿ ಬೆಳಕಿದ್ದಾಗ ಇಳಿಯಿರಿ. ಬಸ್ ಸ್ಟ್ಯಾಂಡಿಗೆ ನಡೆಯುವಷ್ಟು ದೂರದಲ್ಲಿ ರೂಮು ಮಾಡಿ. ತೋಟದೊಳಗಿನ ಹೋಂಸ್ಟೇ ಫೋಟೋದಲ್ಲಿ ಚೆಂದ, ಆದರೆ ಒಂದು ಬಿಸ್ಕತ್ ಪೊಟ್ಟಣಕ್ಕೂ ಇನ್ನೊಬ್ಬರ ಜೀಪು ಕಾಯಬೇಕು. ಬೇಲೂರು, ಹಳೇಬೀಡು ಬಸ್ಸಲ್ಲೇ ಮುಗಿಯುತ್ತದೆ. ಗಿರಿಗೆ ಮಾತ್ರ ಒಬ್ಬರಿಗೇ ಜೀಪು ದುಬಾರಿ. ರೂಮಿನವರನ್ನು ಕೇಳಿ, ಯಾವುದಾದರೂ ಕುಟುಂಬದ ಜೊತೆ ಸೇರಿಸುತ್ತಾರೆ.

ಬಿಸಿಬೇಳೆ
ಹೋಂಸ್ಟೇ ಅಂದಾಗ ನೆನಪಾಯ್ತು. "ಪೇಟೆಯಿಂದ ಐದೇ ನಿಮಿಷ" ಅಂದಿದ್ದರು. ನಲವತ್ತು ನಿಮಿಷ ಆಯಿತು, ಕೊನೆಯ ಎರಡು ಕಿ.ಮೀ. ಕಲ್ಲು. ರಾತ್ರಿ ಪಕ್ಕದ ಕಾಟೇಜಿನ ಹುಡುಗರು ಎರಡರ ತನಕ ಸ್ಪೀಕರ್ ಹಾಕಿ ಕುಣಿದರು. ನಮ್ಮ ಮಾವನವರು ಲುಂಗಿ ಉಟ್ಟುಕೊಂಡೇ ಹೋಗಿ ಬೈದು ಬಂದರು. ಬರುವಾಗ ಕೈಯಲ್ಲಿ ಅವರೇ ಕೊಟ್ಟ ಚಿಕನ್ ತಟ್ಟೆ.

ನಿವೃತ್ತ ಮೇಷ್ಟ್ರು
ನನಗೂ ಎಪ್ಪತ್ತು ದಾಟಿದೆ. ನಿಮ್ಮ ತಾಯಿಯವರ ಪರವಾಗಿ ನಾಲ್ಕು ಮಾತು.

ರೂಮು ನೆಲಮಹಡಿಯಲ್ಲೇ ಬೇಕು ಅಂತ ಕೇಳಿ. ಲಿಫ್ಟ್ ಇದೆ ಅಂದರೆ ನಂಬಬೇಡಿ, ಲಿಫ್ಟಿಗೆ ಹೋಗಲು ಎಂಟು ಮೆಟ್ಟಿಲು ಇರುತ್ತವೆ. ಕೂರುವ ಕಮೋಡ್ ಇದೆಯಾ, ಬಚ್ಚಲಿನ ನೆಲ ಜಾರುತ್ತದಾ ಅಂತ ವಿಚಾರಿಸಿ. ಈ ಪ್ರಶ್ನೆ ಕೇಳಲು ಮಕ್ಕಳು ನಾಚಿಕೊಳ್ಳುತ್ತಾರೆ, ಅನುಭವಿಸುವವರು ನಾವು.

ಬೇಲೂರಿಗೆ ಹೋಗುವ ದಿನವೇ ಹೋಗಿಬಿಡಿ, ಹೇಗೂ ದಾರಿಯಲ್ಲಿದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ, ಇವತ್ತಿಗೂ ಪೂಜೆ ನಡೆಯುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ಹಾಸುಗಲ್ಲು ಕಾದ ಕಾವಲಿ. ಒಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಜಗತಿ, ಅಂದರೆ ಗುಡಿ ನಿಂತಿರುವ ಕಟ್ಟೆ, ಹತ್ತಲು ಕೆಲವೇ ಮೆಟ್ಟಿಲು, ನಿಧಾನಕ್ಕೆ ಆಗುತ್ತದೆ. ಮಗಳಿಗೆ ಗೈಡ್ ಮಾಡಿಸಿ. ಗೈಡ್ ಇಲ್ಲದೆ ಹೋದರೆ ಮಕ್ಕಳಿಗೆ ಎಲ್ಲಾ ಒಂದೇ ಥರದ ಕಲ್ಲು.

ಜನವಿಲ್ಲದ ಗುಡಿ ಬೇಕಾದರೆ ಬೆಳವಾಡಿಯ ವೀರನಾರಾಯಣ. ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ಅದೇ ಅಂತ ಊರವರು ಹೇಳುತ್ತಾರೆ. ಮೂರು ಗರ್ಭಗುಡಿ, ತಿರುಗಣೆಯಲ್ಲಿ ಕಡೆದ ಕಂಬಗಳು. ಕಂಬದ ಹೊಳಪಿನಲ್ಲಿ ನಿಮ್ಮ ಮುಖ ಕಾಣುತ್ತದೆ. ನನ್ನ ಮನೆಯವರು ಅಲ್ಲೇ ನೋಡಿಕೊಂಡು ಕುಂಕುಮ ಸರಿ ಮಾಡಿಕೊಂಡಿದ್ದರು.

ಕತ್ರಿಗುಪ್ಪೆ ಗೃಹಸ್ಥ
ಮೇಷ್ಟ್ರೇ, ನಿಮ್ಮ ಪೋಸ್ಟನ್ನು ಅಮ್ಮನಿಗೆ ಎರಡು ಸಲ ಓದಿಸಿದೆ. "ಇವರೊಬ್ಬರೇ ಬುದ್ಧಿವಂತರು" ಅಂದರು.

ಹೊಸ ಪ್ಲಾನ್. ಫೆಬ್ರವರಿ 5 ಗುರುವಾರ ಬೆಳಿಗ್ಗೆ ಹೊರಟು ಶನಿವಾರ ಮಧ್ಯಾಹ್ನ ವಾಪಸ್. ಗುರುವಾರ ಬೇಲೂರು, ಸಂಜೆ ಚಿಕ್ಕಮಗಳೂರು. ಶುಕ್ರವಾರ ಬೆಳಿಗ್ಗೆ ಭಾವಮೈದ ಸರ್ಪದಾರಿ, ನಾನು ಅಮ್ಮ ಸೀತಾಳಯ್ಯನಗಿರಿ, ಹೆಂಡತಿ ನಿದ್ದೆ (ಅವಳೇ ಬರೆಸಿದ್ದು), ಭಾವಮೈದನ ಹೆಂಡತಿ, ಮಗು ಪಾರ್ಕು. ಆಮೇಲೆ ಕೆಮ್ಮಣ್ಣುಗುಂಡಿ, ಹೆಬ್ಬೆ ಜಲಪಾತ, ಬಾಬಾಬುಡನ್‌ಗಿರಿ, ಸಂಜೆ ಹಿರೇಕೊಳಲೆ. ಶನಿವಾರ ಬೆಳವಾಡಿ, ಹಳೇಬೀಡು, ಶ್ರವಣಬೆಳಗೊಳ, ಮನೆ.

ಲಾರಿ ಹಾರ್ನ್
ನಾನೇ ಇಷ್ಟು ಓಡಿಸಲ್ಲ ಸ್ವಾಮಿ, ನನಗೆ ಅದಕ್ಕೆ ಸಂಬಳ ಕೊಡುತ್ತಾರೆ.

ಮೂಡಿಗೆರೆ ಮಳೆ
"ಆಮೇಲೆ" ಅಂತ ಒಂದು ಪದ ಹಾಕಿ ನಾಲ್ಕು ಊರು ತುರುಕಿದ್ದೀರಿ. ಕೆಮ್ಮಣ್ಣುಗುಂಡಿ ಚಿಕ್ಕಮಗಳೂರಿಂದ 50 ಕಿ.ಮೀ. ಮೇಲಿದೆ, ದಾರಿಯೆಲ್ಲ ತಿರುವು. ಹೆಬ್ಬೆಗೆ ಜೀಪಿನ ಕುಲುಕಾಟ ಬೇರೆ. ಮಗಳ ವಾಂತಿ, ಅಮ್ಮನ ಮಂಡಿ, ಮಗುವಿನ ನಿದ್ದೆ ಮೂರೂ ಒಂದೇ ಮಧ್ಯಾಹ್ನ ಕೆಡುತ್ತದೆ. ಎರಡನ್ನೂ ತೆಗೆಯಿರಿ. ಶ್ರವಣಬೆಳಗೊಳದಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲು. ಅಮ್ಮ "ಹತ್ತುತ್ತೇನೆ" ಅನ್ನುತ್ತಾರೆ, ನಿಮಗೇ ಗೊತ್ತು. ಅದನ್ನೂ ತೆಗೆಯಿರಿ.

ಗಿರಿಗೆ ಹೋಗುವ ಗಾಡಿಗೆ ಮೊದಲೇ ಆನ್‌ಲೈನಲ್ಲಿ ನೋಂದಣಿ ಮಾಡಿಸಬೇಕು. 2025ರ ಸೆಪ್ಟೆಂಬರ್‌ನಿಂದ ಜಿಲ್ಲಾಡಳಿತ ಗಾಡಿಗಳಿಗೆ ಮಿತಿ ಹಾಕಿದೆ. ದತ್ತ ಜಯಂತಿಯ ಹೊತ್ತಲ್ಲಿ ಪ್ರವಾಸಿಗರನ್ನು ಬಿಡುವುದೇ ಇಲ್ಲ. ನೀವು ಹೋಗುವುದು ಫೆಬ್ರವರಿ, ಆ ತಾಪತ್ರಯ ಇಲ್ಲ. ಡಿಸೆಂಬರಲ್ಲಿ ಹೋಗುವವರು ಕ್ಯಾಲೆಂಡರ್ ನೋಡಿಕೊಳ್ಳಿ.

ತಿಂಡಿಗೆ ಪೇಟೆಯ ಟೌನ್ ಕ್ಯಾಂಟೀನ್. ಮಸಾಲೆ ದೋಸೆ ತಿನ್ನಿ. ಕಾಯಬೇಕಾಗುತ್ತದೆ, ಕಾಯಿರಿ.

ಮಾನ್ಸೂನ್ ಮಾಮ
ನಾವು ಜುಲೈಯಲ್ಲಿ ಹೋಗುವವರು. ಏನಾದರೂ ಟಿಪ್ಸ್?

ಶೂ ಲೇಸ್
ಇಂಬಳ, ಅಂದರೆ ಜಿಗಣೆ. ಸುಣ್ಣ, ಹೊಗೆಸೊಪ್ಪು ಇಟ್ಟುಕೊಳ್ಳಿ. ತುದಿಯಲ್ಲಿ ನಿಮ್ಮ ಕೈ ನಿಮಗೇ ಕಾಣಲ್ಲ, ಅದನ್ನೇ ನೋಡೋಕೆ ಹೋಗುತ್ತೀರಿ ಅಂದರೆ ಹೋಗಿ.

ಕತ್ರಿಗುಪ್ಪೆ ಗೃಹಸ್ಥ
ಹೋಗಿ ಬಂದೆವು! ವರದಿ ಒಪ್ಪಿಸುತ್ತೇನೆ.

ಮಗಳು ಘಾಟಿಯಲ್ಲಿ ವಾಂತಿ ಮಾಡಲಿಲ್ಲ, ಘಾಟಿಯೇ ಇರಲಿಲ್ಲ. ಹಾಸನದಲ್ಲಿ ಮೂರು ಉದ್ದಿನ ವಡೆ ತಿಂದು ನೇರ ರಸ್ತೆಯಲ್ಲಿ ಮಾಡಿಕೊಂಡಳು. ಬೇಲೂರಲ್ಲಿ ಗೈಡ್ ಒಂದು ಮದನಿಕೆಯನ್ನು ತೋರಿಸಿ, ಕೈಯಲ್ಲಿರುವ ಕನ್ನಡಿ ನೋಡಿ ಅಂದದ್ದೇ ತಡ, ಇವಳು ಅದೇ ಭಂಗಿಯಲ್ಲಿ ಮೊಬೈಲ್ ಹಿಡಿದು ಫೋಟೋ. ಆಮೇಲೆ ಕರೆದರೂ ಬರಲಿಲ್ಲ. ಒಂದು ಗಂಟೆ ಅಂದುಕೊಂಡಿದ್ದು ಮೂರಾಯಿತು. ಹಿರೇಕೊಳಲೆಗೆ ಹೋಗುವಷ್ಟರಲ್ಲಿ ಕತ್ತಲು, ಕೆರೆ ಕಾಣಲಿಲ್ಲ, ಸೊಳ್ಳೆ ಕಂಡವು.

ಶುಕ್ರವಾರ ಬೆಳಿಗ್ಗೆ ಭಾವಮೈದನ ಜೊತೆ ಮಗಳೂ ಹೊರಟಳು. ನಾನು ಬೇಡ ಅಂದೆ, ಅಮ್ಮ ಹೋಗಲಿ ಬಿಡು ಅಂದರು. ನಾವು ಸೀತಾಳಯ್ಯನಗಿರಿಯಲ್ಲಿ ಕೂತಿದ್ದೆವು. ಗಾಳಿ ಜೋರು. ಅಮ್ಮ ಸೆರಗು ತಲೆ ಮೇಲೆ ಹೊದ್ದುಕೊಂಡು, ಎದುರಿನ ತುದಿ ತೋರಿಸಿ "ಅಲ್ಲಿ ಕಾಣುವ ಚುಕ್ಕಿ ನಮ್ಮ ಹುಡುಗೀನಾ?" ಅಂತ ಹತ್ತು ಸಲ ಕೇಳಿದರು. ಅದು ಯಾರೋ ಬೇರೆಯವರು. ಹೌದು ಅಂದೆ. ಅಪ್ಪ ಹೋದ ಮೇಲೆ ಅವರು ಇಷ್ಟು ಹೊತ್ತು ಒಂದೇ ಕಡೆ ಸುಮ್ನೆ ಕೂತಿದ್ದು ನಾನು ನೋಡಿರಲಿಲ್ಲ.

ಹೆಂಡತಿ ಹತ್ತೂವರೆಗೆ ಎದ್ದು, ಒಬ್ಬಳೇ ಹೋಗಿ ದೋಸೆ ತಿಂದು, ಪೇಟೆಯಲ್ಲಿ ಅರ್ಧ ಕೆ.ಜಿ. ಕಾಫಿಪುಡಿ ಕೊಂಡು ಬಂದಿದ್ದಳು. ಬಾಬಾಬುಡನ್‌ಗಿರಿ ಬಿಟ್ಟೆವು. ಬೆಳವಾಡಿಯಲ್ಲಿ ನಾವು ಏಳು ಜನ ಬಿಟ್ಟರೆ ಅರ್ಚಕರು, ಒಂದು ನಾಯಿ.

ಒಂದೇ ಅನಾಹುತ. ಸರ್ಪದಾರಿ ಹತ್ತಿ ಇಳಿದು ಬಂದ ಭಾವಮೈದ ಲಾಡ್ಜಿನ ಬಚ್ಚಲಲ್ಲಿ ಜಾರಿ ಮಂಡಿ ಉಳುಕಿಸಿಕೊಂಡ. ವಾಪಸ್ ಬರುವಾಗ ಅಮ್ಮ, ಅವನು ಹಿಂದಿನ ಸೀಟಲ್ಲಿ ಒಂದೇ ಮುಲಾಮು ಹಂಚಿಕೊಂಡರು.

ನಿವೃತ್ತ ಮೇಷ್ಟ್ರು
ಬಚ್ಚಲಿನ ನೆಲ ವಿಚಾರಿಸಿದ್ದಿರಾ?

ಕತ್ರಿಗುಪ್ಪೆ ಗೃಹಸ್ಥ
ಅಮ್ಮನ ರೂಮಿನದ್ದು ಮಾತ್ರ ಕೇಳಿದ್ದೆ ಮೇಷ್ಟ್ರೇ.